ಹಿಮದ ಬೆಟ್ಟ ಮೊದಲೋ, ಕೆಂಪು ಬಂಡೆಯ ಮರುಭೂಮಿ ಮೊದಲೋ?

ಪ್ರಶ್ನೆ: ನಾವು ಡೆನ್ವರ್‌ನಲ್ಲಿರುವ ಮೂವರು ಗೆಳೆಯರು. ಬೇಸಿಗೆಯಲ್ಲಿ ಸಾಕಷ್ಟು ಸಲ ಕ್ಯಾಂಪ್ ಮಾಡಿದ್ದೇವೆ, ಚಳಿಗಾಲದಲ್ಲಿ ಒಮ್ಮೆಯೂ ಇಲ್ಲ. ಈ ಜನವರಿಯಲ್ಲಿ ಮೊದಲು ಕೊಲೊರಾಡೊ ಬೆಟ್ಟಗಳಲ್ಲಿ, ಸುಮಾರು 3,200 ಮೀಟರ್ ಎತ್ತರದಲ್ಲಿ, ಹಿಮದ ಮೇಲೆ ಎರಡು ರಾತ್ರಿ ಇರಬೇಕು ಅಂತಿದ್ದೇವೆ. ಆಮೇಲೆ ಯೂಟಾದ ಮೋಆಬ್‌ಗೆ ಹೋಗಿ ಕೆಂಪು ಬಂಡೆಗಳ ನಡುವೆ ಇನ್ನೆರಡು ರಾತ್ರಿ ಆರಾಮಾಗಿ ಕಳೆಯುವ ಆಸೆ. ನಮ್ಮ ಹತ್ತಿರ ಬೇಸಿಗೆ ಟೆಂಟ್, ‘20 ಡಿಗ್ರಿ’ ಎಂದು ಬರೆದಿರುವ ಸ್ಲೀಪಿಂಗ್ ಬ್ಯಾಗ್, ಗಾಳಿ ತುಂಬುವ ಮ್ಯಾಟ್, ಗ್ಯಾಸ್ ಸ್ಟೌವ್ ಇವೆ. ಇಷ್ಟು ಸಾಕಾ? ಜಾಸ್ತಿ ಖರ್ಚು ಮಾಡಲು ಆಗುವುದಿಲ್ಲ. ಒಂದೇ ಒಂದು ವಸ್ತು ಕೊಳ್ಳಬೇಕು ಅಂದ್ರೆ ಯಾವುದನ್ನು ಕೊಳ್ಳಬೇಕು?

ಉತ್ತರ: ಸಾಮಾನಿನ ಮಾತು ಆಮೇಲೆ. ಮೊದಲು ನಿಮ್ಮ ಯೋಜನೆಯನ್ನು ತಿರುಗಿಸಿ. ಮೋಆಬ್‌ಗೆ ಮೊದಲು ಹೋಗಿ, ಹಿಮದ ಬೆಟ್ಟ ಕೊನೆಗಿರಲಿ.

ಹಿಮ ಕಷ್ಟ, ಮರುಭೂಮಿ ಸುಲಭ. ಕಷ್ಟದ್ದನ್ನು ಮುಗಿಸಿ ಸುಲಭದ್ದಕ್ಕೆ ಹೋಗೋಣ ಎಂದು ನೀವು ಲೆಕ್ಕ ಹಾಕಿದ್ದೀರಿ. ಆದರೆ ಜನವರಿಯ ಮೋಆಬ್ ಬೆಚ್ಚಗಿನ ಜಾಗ ಅಲ್ಲ. ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಹಗಲು 5-6 ಡಿಗ್ರಿ ಸೆಲ್ಸಿಯಸ್ ಇದ್ದರೆ, ರಾತ್ರಿ ಮೈನಸ್ 6-7ಕ್ಕೆ ಇಳಿಯುವುದು ಮಾಮೂಲು. ಕೆಲವು ರಾತ್ರಿ ಅದಕ್ಕಿಂತ ಬಹಳ ಕೆಳಗೂ ಹೋಗುತ್ತದೆ. ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಐಲ್ಯಾಂಡ್ ಇನ್ ದ ಸ್ಕೈ ಎಂಬ ಪ್ರಸ್ಥಭೂಮಿ ಊರಿಗಿಂತ ಇನ್ನೂ 600 ಮೀಟರ್ ಮೇಲಿದೆ. ಅಲ್ಲಿ ಚಳಿ ಮತ್ತಷ್ಟು. ಯೂಟಾದಲ್ಲೇ ಇರುವ ಬ್ರೈಸ್ ಕ್ಯಾನಿಯನ್ ಉದ್ಯಾನದ ಕಡೆ ಹೋದರೆ 2,400 ಮೀಟರ್‌ಗಿಂತ ಎತ್ತರದಲ್ಲಿರುತ್ತೀರಿ. ಕೆಂಪು ಬಂಡೆ, ಮೊಣಕಾಲುದ್ದ ಹಿಮ ಎರಡೂ ಒಂದೇ ಕಡೆ ಸಿಗಬಹುದು.

ಹಗಲು ಬಿಸಿಲಿನಲ್ಲಿ ಜಾಕೆಟ್ ಬಿಚ್ಚಿಡುವಷ್ಟು ಹಿತವಾಗಿರುತ್ತದೆ. ಮೋಸ ಹೋಗುವುದು ಅಲ್ಲೇ. ಮರುಭೂಮಿಯ ಗಾಳಿಯಲ್ಲಿ ತೇವ ಕಡಿಮೆ, ಆಕಾಶದಲ್ಲಿ ಮೋಡ ಕಡಿಮೆ. ನೆಲ ಹಗಲಿಡೀ ಹೀರಿಕೊಂಡ ಬಿಸಿಯನ್ನು ತಡೆದು ಹಿಡಿಯುವವರೇ ಇಲ್ಲ. ಸೂರ್ಯ ಮುಳುಗಿದ ಒಂದೆರಡು ಗಂಟೆಯಲ್ಲೇ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಜನವರಿಯಲ್ಲಿ ಅಲ್ಲಿ ಸಂಜೆ 5 ದಾಟುತ್ತಿದ್ದಂತೆ ಸೂರ್ಯಾಸ್ತ, ಬೆಳಗ್ಗೆ 7.30ರ ಸುಮಾರಿಗೆ ಸೂರ್ಯೋದಯ. 14 ಗಂಟೆಗೂ ಮೀರಿದ ರಾತ್ರಿ. ಬೇಸಿಗೆಯಲ್ಲಿ ಕ್ಯಾಂಪ್ ಮಾಡಿದವರಿಗೆ ಅಭ್ಯಾಸವಿಲ್ಲದೆ ಇರುವುದು ಇದೇ. ಬೇಸಿಗೆಯ ರಾತ್ರಿ ಮಲಗಿ ಏಳುವಷ್ಟರಲ್ಲಿ ಮುಗಿಯುತ್ತದೆ. ಚಳಿಗಾಲದ ರಾತ್ರಿಯಲ್ಲಿ ಊಟ ಮಾಡಿ, ಹರಟೆ ಹೊಡೆದು, ಎಂಟು ಗಂಟೆ ನಿದ್ದೆ ಮಾಡಿದ ಮೇಲೂ ಇನ್ನೂ ಕತ್ತಲೆ ಉಳಿದಿರುತ್ತದೆ. ಅಷ್ಟು ಹೊತ್ತು ಒಣಗಿ, ಬೆಚ್ಚಗೆ ಇರುವುದು ಹೇಗೆ ಎಂಬುದೇ ಚಳಿಗಾಲದ ಕ್ಯಾಂಪಿಂಗ್. ಮಿಕ್ಕ ಎಲ್ಲವೂ ಅದರ ಸುತ್ತ ಬರುವ ವಿಷಯಗಳು.

ಈ ಪಾಠವನ್ನು ಮೊದಲು ಕಲಿಯಲು ಮರುಭೂಮಿ ಒಳ್ಳೆಯ ಜಾಗ. ನೆಲ ಒಣಗಿರುತ್ತದೆ. ಕಾರು ಪಕ್ಕದಲ್ಲೇ ಇರುತ್ತದೆ. ಊರು ಹತ್ತಿರ. ನಡುರಾತ್ರಿ ‘ಇನ್ನು ಆಗಲ್ಲ’ ಅನ್ನಿಸಿದರೆ ಎದ್ದು ಹೋಗಬಹುದು. ನಿಮ್ಮ ಬ್ಯಾಗ್ ನಿಜಕ್ಕೂ ಎಷ್ಟು ಬೆಚ್ಚಗಿದೆ, ಮೂವರಲ್ಲಿ ಯಾರ ಕಾಲು ಬೇಗ ತಣ್ಣಗಾಗುತ್ತದೆ, ಸ್ಟೌವ್ ಬೆಳಗ್ಗೆ ಹತ್ತಿಕೊಳ್ಳುತ್ತದೋ ಇಲ್ಲವೋ, ಎಲ್ಲವೂ ಎರಡು ರಾತ್ರಿಯಲ್ಲಿ ಗೊತ್ತಾಗುತ್ತದೆ. ಡೆನ್ವರ್‌ಗೆ ವಾಪಸ್ ಬರುವಾಗ ಐ-70 ಹೆದ್ದಾರಿಯಲ್ಲಿ ಬೆಟ್ಟಗಳು ಹೇಗೂ ಸಿಗುತ್ತವೆ. ಆ ದಿನದ ಹವಾಮಾನ, ಹಿಮಕುಸಿತದ ಮುನ್ಸೂಚನೆ ಎರಡನ್ನೂ ನೋಡಿ ಹಿಮದಲ್ಲಿ ಉಳಿಯಬೇಕೋ ಬೇಡವೋ ತೀರ್ಮಾನಿಸಿ. ಬಿರುಗಾಳಿ ಬರುವ ಸೂಚನೆ ಇದ್ದರೆ ಸೀದಾ ಮನೆಗೆ ಹೋಗಿ. ಉಳಿದರೆ, ಒದ್ದೆಯಾದ ಸಾಮಾನು ಮರುದಿನ ಮನೆಯಲ್ಲೇ ಒಣಗುತ್ತದೆ.

ಇದಕ್ಕೆ ಉಲ್ಟಾ ವಾದವೂ ಇದೆ. ಹಿಮದಲ್ಲಿ ತೇವವಾದ ಬ್ಯಾಗನ್ನು ಮರುಭೂಮಿಯ ಬಿಸಿಲಿನಲ್ಲಿ ಒಣಗಿಸಬಹುದಲ್ವಾ ಅಂತ. ನಿಜ, ಅನುಭವ ಇರುವವರು ಹಾಗೆ ಮಾಡುತ್ತಾರೆ. ಮೊದಲ ಸಲಕ್ಕೆ ಬೇಡ. ಹಿಮದಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡದವರು ಆಮೇಲೆ ಚಳಿಗಾಲದ ರಸ್ತೆಯಲ್ಲಿ ಗಂಟೆಗಟ್ಟಲೆ ಕಾರು ಓಡಿಸುವುದು ನನಗೆ ಇಷ್ಟವಿಲ್ಲ.

ಈಗ ಸ್ಲೀಪಿಂಗ್ ಬ್ಯಾಗ್. ಅದರ ಮೇಲಿನ 20 ಡಿಗ್ರಿ ಫ್ಯಾರನ್‌ಹೀಟ್‌ನದು, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್. ಅಷ್ಟು ಚಳಿಯವರೆಗೂ ಹಾಯಾಗಿ ನಿದ್ದೆ ಬರುತ್ತದೆ ಎಂದು ಅದರ ಅರ್ಥವಲ್ಲ. ಐಎಸ್‌ಒ 23537 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ಮಾಡಿದ ಬ್ಯಾಗ್‌ಗಳ ಪಟ್ಟಿಯಲ್ಲಿ ‘ಕಂಫರ್ಟ್’ ಎಂದು ಒಂದು ಅಂಕಿ, ‘ಲಿಮಿಟ್’ ಎಂದು ಇನ್ನೊಂದು ಅಂಕಿ ಇರುತ್ತವೆ. ಕಂಫರ್ಟ್ ಅಂದರೆ ಸಾಮಾನ್ಯ ಹೆಂಗಸೊಬ್ಬರು ಮೈ ಸಡಿಲ ಬಿಟ್ಟು ಮಲಗಬಹುದಾದ ಮಟ್ಟ. ಲಿಮಿಟ್ ಅಂದರೆ ಸಾಮಾನ್ಯ ಗಂಡಸೊಬ್ಬರು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಗಂಡಸರ ಬ್ಯಾಗ್‌ಗಳ ಹೆಸರಿನಲ್ಲಿ ಬಹಳ ಸಲ ಹಾಕುವುದು ಈ ಎರಡನೆಯದನ್ನೇ. ಕಂಫರ್ಟ್ ಅಂಕಿ ಅದಕ್ಕಿಂತ ಐದಾರು ಡಿಗ್ರಿ ಮೇಲಿರುತ್ತದೆ. ಹಾಗಾಗಿ ನಿಮ್ಮ ಬ್ಯಾಗ್ ಮೋಆಬ್‌ನ ಸಾಧಾರಣ ರಾತ್ರಿಗೆ, ಒಳಗೆ ಜಾಕೆಟ್ ಹಾಕಿಕೊಂಡು ಮಲಗಿದರೆ, ಹೇಗೋ ಸಾಕಾಗಬಹುದು. 3,200 ಮೀಟರ್‌ನಲ್ಲಿ ಜನವರಿಯ ರಾತ್ರಿ ಮೈನಸ್ 15 ಆಗುವುದು ಸಾಮಾನ್ಯ, ತಿಳಿಯಾದ ಆಕಾಶವಿದ್ದರೆ ಮೈನಸ್ 20 ದಾಟಲೂಬಹುದು. ಅಲ್ಲಿಗೆ ಅದು ಸಾಲದು. ಒಂದರ ಒಳಗೆ ಇನ್ನೊಂದು ಬ್ಯಾಗ್ ಹಾಕಬಹುದು, ಆದರೆ ಒಳಗಿನದು ಹೊರಗಿನದನ್ನು ಹಿಗ್ಗಿಸಿ ಒತ್ತುವಂತಿರಬಾರದು. ಒತ್ತಿದರೆ ಬ್ಯಾಗ್‌ನೊಳಗೆ ತುಂಬಿರುವ ಪುಕ್ಕ ಉಬ್ಬುವುದಿಲ್ಲ. ಬೆಚ್ಚಗಿಡುವುದು ಪುಕ್ಕದ ನಡುವೆ ಸಿಕ್ಕಿಕೊಂಡ ಗಾಳಿಯೇ ಹೊರತು ಪುಕ್ಕವಲ್ಲ.

ಅದೇ ಕಾರಣಕ್ಕೆ ನಿಮ್ಮ ಬೆನ್ನ ಕೆಳಗೆ ಬ್ಯಾಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೈ ಭಾರಕ್ಕೆ ಅದು ಚಪ್ಪಟೆಯಾಗಿರುತ್ತದೆ. ಕೆಳಗಿನ ಚಳಿಯನ್ನು ತಡೆಯುವುದು ಮ್ಯಾಟ್ ಮಾತ್ರ. ಚಳಿಗಾಲದಲ್ಲಿ ಮ್ಯಾಟ್‌ಗೆ ಬ್ಯಾಗ್‌ನಷ್ಟೇ ಬೆಲೆ ಕೊಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮ್ಯಾಟ್ ಎಷ್ಟು ಶಾಖ ತಡೆಯುತ್ತದೆ ಎಂಬುದಕ್ಕೆ ಆರ್-ವ್ಯಾಲ್ಯೂ ಎಂಬ ಅಳತೆ ಇದೆ. ಬೇಸಿಗೆಯ ಗಾಳಿ ಮ್ಯಾಟ್‌ಗಳಲ್ಲಿ ಅದು ಸಾಮಾನ್ಯವಾಗಿ 1ರಿಂದ 3. ಹಿಮದ ಮೇಲೆ ಮಲಗಲು 5 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಈ ಅಳತೆಯಲ್ಲಿ ಒಂದು ಅನುಕೂಲ ಇದೆ: ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಎರಡರ ಅಂಕಿಯನ್ನೂ ಕೂಡಿಸಬಹುದು. ಮಡಚುವ ದಪ್ಪ ಫೋಮ್ ಮ್ಯಾಟ್ ಒಂದಕ್ಕೆ ಸುಮಾರು 2 ಇರುತ್ತದೆ. ಅದನ್ನು ಕೆಳಗೆ ಹಾಸಿ ಗಾಳಿ ಮ್ಯಾಟ್ ಮೇಲಿಡಿ. ಗಾಳಿ ಮ್ಯಾಟ್ ತೂತಾದರೂ ಫೋಮ್ ಉಳಿದಿರುತ್ತದೆ. ಮರುಭೂಮಿಯ ಮುಳ್ಳಿನ ನೆಲದಲ್ಲಿ ಅದು ಸಣ್ಣ ಮಾತಲ್ಲ.

ಮಲಗುವಾಗ ಬಹಳ ಜನ ಚಳಿ ತಡೆಯಲಾರದೆ ಮುಖವನ್ನೂ ಬ್ಯಾಗಿನೊಳಗೆ ಎಳೆದುಕೊಳ್ಳುತ್ತಾರೆ. ಉಸಿರಿನ ತೇವವೆಲ್ಲ ಪುಕ್ಕಕ್ಕೆ ಇಳಿಯುತ್ತದೆ, ಎರಡನೇ ರಾತ್ರಿಗೆ ಬ್ಯಾಗ್ ಸೊರಗಿರುತ್ತದೆ. ಮೂಗು ಬಾಯಿ ಹೊರಗಿರಲಿ, ತಲೆಗೆ ಉಣ್ಣೆ ಟೋಪಿ ಇರಲಿ. ಟೆಂಟ್‌ನ ಗಾಳಿಕಿಂಡಿಗಳನ್ನು ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಮೂವರ ಉಸಿರು ಒಳಗೋಡೆಯಲ್ಲಿ ಮಂಜಿನ ಪುಡಿಯಾಗಿ ಅಂಟಿಕೊಂಡು, ಬೆಳಗ್ಗೆ ಯಾರಾದರೂ ಗೋಡೆ ಮುಟ್ಟಿದ ಕೂಡಲೇ ಮೈಮೇಲೆ ಉದುರುತ್ತದೆ. ಮೋಆಬ್‌ನಲ್ಲಿ ಬೆಳಗ್ಗೆ ಬಿಸಿಲು ಬಂದ ತಕ್ಷಣ ಬ್ಯಾಗ್‌ಗಳನ್ನು ಒಳಮೈ ಹೊರಗೆ ಮಾಡಿ ಬಂಡೆಯ ಮೇಲೆ ಹರಡಿ. ಅಲ್ಲಿನ ಒಣ ಗಾಳಿಗೆ ಬೇಗ ಗರಿಗರಿಯಾಗುತ್ತವೆ.

ನಿಮ್ಮ ಬೇಸಿಗೆ ಟೆಂಟ್ ಮೋಆಬ್‌ಗೆ ಸಾಕು. ಗಾಳಿ ಎದ್ದರೆ ಜಾಲರಿಯಿಂದ ನುಣುಪಾದ ಕೆಂಪು ಮರಳು ಒಳಗೆ ಬರುತ್ತದೆ, ಜಿಪ್ ಕಚ್ಚಿಕೊಳ್ಳುತ್ತದೆ. ಒಂದು ಹಳೇ ಬ್ರಷ್ ಇಟ್ಟುಕೊಳ್ಳಿ. ಬೆಟ್ಟದಲ್ಲೂ ಮರಗಳ ನಡುವೆ, ಬಿರುಗಾಳಿ ಇಲ್ಲದ ರಾತ್ರಿ ಅದು ನಡೆಯುತ್ತದೆ. ಹಿಮ ಬೀಳುತ್ತಿದ್ದರೆ ರಾತ್ರಿ ಎದ್ದು ಕೊಡವಬೇಕು, ಇಲ್ಲದಿದ್ದರೆ ಭಾರಕ್ಕೆ ಕಂಬಿ ಬಾಗುತ್ತದೆ. ಮರಗಳೇ ಬೆಳೆಯದ ಎತ್ತರಕ್ಕೆ, ಅಂದರೆ ಕೊಲೊರಾಡೊದಲ್ಲಿ ಸುಮಾರು 3,500 ಮೀಟರ್ ಮೇಲಕ್ಕೆ, ಆ ಟೆಂಟ್ ತೆಗೆದುಕೊಂಡು ಹೋಗಲೇಬೇಡಿ.

ಗೂಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಿಮಕ್ಕೂ ಮರಳಿಗೂ ಇದು ಒಂದೇ. ಮಾಮೂಲಿ ಗೂಟ ಎರಡರಲ್ಲೂ ನಿಲ್ಲುವುದಿಲ್ಲ, ಎಳೆದರೆ ಕೈಗೆ ಬರುತ್ತದೆ. ಪುಟ್ಟ ಬಟ್ಟೆ ಚೀಲವೊಂದಕ್ಕೆ ಹಿಮ ತುಂಬಿ ಬಾಯಿ ಕಟ್ಟಿ. ಟೆಂಟ್‌ನ ಹಗ್ಗ ಬರುವ ದಿಕ್ಕಿಗೆ ಅಡ್ಡಲಾಗಿ ಒಂದು ಅಡಿ ಆಳದ ಗುಂಡಿ ತೋಡಿ. ಹಗ್ಗವನ್ನು ಚೀಲಕ್ಕೆ ಗಂಟು ಹಾಕಬೇಡಿ. ಚೀಲದ ಹಿಂದಿನಿಂದ ಸುತ್ತಿಸಿ ತುದಿಯನ್ನು ಮತ್ತೆ ಮೇಲಕ್ಕೆ ತನ್ನಿ, ಗಂಟು ಹಿಮದ ಮೇಲೇ ಇರಲಿ. ಚೀಲವನ್ನು ಗುಂಡಿಯಲ್ಲಿಟ್ಟು ಹಿಮ ಮುಚ್ಚಿ ಬೂಟುಗಾಲಿನಲ್ಲಿ ತುಳಿಯಿರಿ. ತಕ್ಷಣ ಹಗ್ಗ ಬಿಗಿಯಬೇಡಿ. ತುಳಿದ ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಳ್ಳಲು ಅರ್ಧ ಗಂಟೆ ಬೇಕು. ಆಮೇಲೆ ಬಿಗಿದರೆ ಗಾಳಿಗೂ ಜಗ್ಗುವುದಿಲ್ಲ. ಬೆಳಗ್ಗೆ ಚೀಲ ಹೆಪ್ಪುಗಟ್ಟಿ ಬರದಿದ್ದರೂ, ಗಂಟು ಮೇಲಿರುವುದರಿಂದ ಹಗ್ಗ ಬಿಚ್ಚಿಕೊಳ್ಳಬಹುದು. ಚೀಲವನ್ನು ಸಲಿಕೆಯಿಂದ ನಿಧಾನವಾಗಿ ಅಗೆದು ತೆಗೆಯಿರಿ. ಮರಳಿನಲ್ಲಿ ಇದೇ ಚೀಲಕ್ಕೆ ಮರಳು ತುಂಬಿ ಹೂತರಾಯಿತು. ಬರೀ ಬಂಡೆಯಾದರೆ ಹಗ್ಗವನ್ನು ಚಿಕ್ಕ ಕಲ್ಲಿಗೆ ಸುತ್ತಿ, ಅದರ ಮುಂದೆ ದೊಡ್ಡ ಕಲ್ಲು ಅಡ್ಡ ಇಡಿ. ಹೊರಡುವಾಗ ಕಲ್ಲುಗಳನ್ನು ಇದ್ದ ಜಾಗಕ್ಕೇ ಇಡಿ.

ಹಿಮದಲ್ಲಿ ಟೆಂಟ್ ಹಾಕುವ ಮೊದಲು ನೆಲವನ್ನೂ ಹೀಗೇ ತುಳಿದು ಅರ್ಧ ಗಂಟೆ ಬಿಡಬೇಕು. ಅವಸರ ಮಾಡಿದರೆ ರಾತ್ರಿ ಮೊಣಕೈ ಊರಿದಲ್ಲೆಲ್ಲ ಹಳ್ಳ ಬಿದ್ದು, ಆ ಹಳ್ಳಗಳೇ ಗಟ್ಟಿಯಾಗಿ ಬೆನ್ನಿಗೆ ಒತ್ತುತ್ತವೆ. ಟೆಂಟ್ ಬಾಗಿಲ ಮುಂದೆ ಮೊಣಕಾಲುದ್ದ ಗುಂಡಿ ತೋಡಿಕೊಂಡರೆ ಕಾಲು ಇಳಿಬಿಟ್ಟು ಕೂತು ಬೂಟು ಹಾಕಿಕೊಳ್ಳಬಹುದು. ತಣ್ಣನೆ ಗಾಳಿಯೂ ಆ ಗುಂಡಿಗೆ ಇಳಿಯುತ್ತದೆ.

ಜಾಗ ಆರಿಸುವುದರಲ್ಲಿ ಎರಡೂ ಕಡೆ ನೆನಪಿಡಬೇಕಾದ್ದು ಒಂದೇ: ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಣಿವೆಯ ತಳ ಚೆನ್ನಾಗಿ ಕಾಣುತ್ತದೆ, ಆದರೆ ರಾತ್ರಿ ಅಲ್ಲೇ ಚಳಿ ಜಾಸ್ತಿ. ತಳದಿಂದ ಹತ್ತಿಪ್ಪತ್ತು ಮೀಟರ್ ಮೇಲಕ್ಕೆ ಹೋದರೂ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಬೆಳಗಿನ ಬಿಸಿಲು ಮೊದಲು ಬೀಳುವ ಜಾಗ ಹುಡುಕಿ. ಮೋಆಬ್ ಸುತ್ತಲಿನ ಎತ್ತರದ ಬಂಡೆಗೋಡೆಗಳ ನೆರಳಿನಲ್ಲಿ ಟೆಂಟ್ ಹಾಕಿದರೆ ಹತ್ತು ಗಂಟೆಯಾದರೂ ಸೂರ್ಯ ಕಾಣದೆ ಇರಬಹುದು. ಆ ಗೋಡೆಗಳ ಬುಡವೂ ಬೇಡ. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಕಲ್ಲು ಸಡಿಲವಾಗುತ್ತದೆ. ಬ್ರೈಸ್‌ನ ಚೆಂದದ ಕಲ್ಲಿನ ಕಂಬಗಳನ್ನು ಕೆತ್ತಿದ್ದೂ ಮುಖ್ಯವಾಗಿ ಇದೇ ಕೆಲಸ. ಅದು ಇಂದಿಗೂ ನಿಂತಿಲ್ಲ.

ಬೆಟ್ಟದಲ್ಲಿ ಜಾಗದ ಪ್ರಶ್ನೆ ಜೀವದ ಪ್ರಶ್ನೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ನೀವು ಮಲಗಿರುವ ಜಾಗ ಸಮತಟ್ಟಾಗಿದ್ದರೆ ಸಾಲದು; ತಲೆಯ ಮೇಲೆ ಅಂಥ ಇಳಿಜಾರು ಇದೆಯಾ ನೋಡಬೇಕು. ಅಲ್ಲಿಂದ ಜಾರಿದ ಹಿಮ ಕೆಳಗಿನ ಸಪಾಟಿನವರೆಗೂ ಬಂದು ನಿಲ್ಲುತ್ತದೆ. ಕೊಲೊರಾಡೊದ ಹಿಮಪದರ ಕುಖ್ಯಾತ. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಬಿದ್ದ ಹಿಮ ತಣ್ಣನೆ ರಾತ್ರಿಗಳಲ್ಲಿ ಸಕ್ಕರೆಯಂಥ ಹರಳುಗಳಾಗಿ ಅಂಟು ಕಳೆದುಕೊಳ್ಳುತ್ತದೆ. ಆಮೇಲೆ ಬೀಳುವ ಭಾರದ ಹಿಮವೆಲ್ಲ ಆ ಸಡಿಲ ಪದರದ ಮೇಲೆ ಕೂತಿರುತ್ತದೆ. ಜನವರಿಯಲ್ಲಿ ಪರಿಸ್ಥಿತಿ ಬಹಳ ಸಲ ಹೀಗೇ ಇರುತ್ತದೆ. ಕೊಲೊರಾಡೊ ಅವಲಾಂಚ್ ಇನ್‌ಫರ್ಮೇಶನ್ ಸೆಂಟರ್ ಚಳಿಗಾಲದಲ್ಲಿ ಪ್ರತಿದಿನ ಮುನ್ಸೂಚನೆ ಕೊಡುತ್ತದೆ. ಅಪಾಯಕ್ಕೆ ಐದು ಮಟ್ಟಗಳಿವೆ. ಮೂರನೆಯ ಮಟ್ಟವನ್ನು ‘ನಡುವಿನದು, ಪರವಾಗಿಲ್ಲ’ ಎಂದು ಓದಬೇಡಿ. ಮನುಷ್ಯರು ಕಾಲಿಟ್ಟರೆ ಹಿಮ ಕುಸಿಯುವ ಸಾಧ್ಯತೆ ಸಾಕಷ್ಟಿದೆ ಎಂದೇ ಅದರ ಅರ್ಥ. ನೀವು ಮೂವರೂ ತರಬೇತಿ ಪಡೆದಿಲ್ಲವಾದರೆ ಮಟ್ಟ ಎಷ್ಟೇ ಇರಲಿ, ಮೇಲೆ ಕಡಿದಾದ ಇಳಿಜಾರೇ ಇಲ್ಲದ, ದಾರಿಯಲ್ಲೂ ಅಂಥದ್ದನ್ನು ದಾಟದ ಕಾಡಿನ ಜಾಗ ಆರಿಸಿ. ಮೋಆಬ್‌ನಿಂದ ಕಾಣುವ ಲಾ ಸಾಲ್ ಬೆಟ್ಟಗಳನ್ನು ನೋಡಿ ‘ಅಲ್ಲೇ ಹಿಮ ಇದೆಯಲ್ಲ’ ಅನ್ನಿಸಬಹುದು. ಅಲ್ಲೂ ಹಿಮಕುಸಿತದಲ್ಲಿ ಜನ ಸತ್ತಿದ್ದಾರೆ. ಆ ಬೆಟ್ಟಗಳಿಗೆ ಯೂಟಾ ಅವಲಾಂಚ್ ಸೆಂಟರ್‌ನ ಮುನ್ಸೂಚನೆ ಇದೆ, ನೋಡದೆ ಹೋಗಬೇಡಿ.

ಕಾಡು ಅಂದೆ. ಅಲ್ಲೂ ತಲೆ ಎತ್ತಿ ನೋಡಿ. ಕೊಲೊರಾಡೊದಲ್ಲಿ ತೊಗಟೆ ಕೊರೆಯುವ ದುಂಬಿಗಳಿಂದ ಸತ್ತು ನಿಂತ ಮರಗಳು ಲೆಕ್ಕವಿಲ್ಲದಷ್ಟಿವೆ. ಜೋರು ಗಾಳಿಗೆ ಅವು ಬೀಳುತ್ತವೆ. ಎಲೆ ಇಲ್ಲದ, ತೊಗಟೆ ಸುಲಿದ ಮರದ ಹತ್ತಿರ ಮಲಗಬೇಡಿ.

ಸ್ಟೌವ್ ವಿಷಯಕ್ಕೆ ಬರೋಣ. ಗ್ಯಾಸ್ ಕ್ಯಾನಿಸ್ಟರ್‌ನೊಳಗೆ ಇರುವುದು ದ್ರವ. ಅದು ಆವಿಯಾದರೆ ಮಾತ್ರ ಉರಿ. ಮಾಮೂಲಿ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರದಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಐಸೊಬ್ಯೂಟೇನ್ ಮೈನಸ್ 12ರ ಸುಮಾರಿಗೆ, ಪ್ರೊಪೇನ್ ಮೈನಸ್ 42ಕ್ಕೆ. ಕ್ಯಾನಿಸ್ಟರ್‌ನಲ್ಲಿ ಇವುಗಳ ಮಿಶ್ರಣ ಇರುತ್ತದೆ, ಮೊದಲು ಉರಿದು ಖಾಲಿಯಾಗುವುದು ಪ್ರೊಪೇನ್. ಹಾಗಾಗಿ ಅರ್ಧ ಬಳಸಿದ ಕ್ಯಾನಿಸ್ಟರ್ ಚಳಿಗೆ ಸೋಲುತ್ತದೆ. ಐಸೊಬ್ಯೂಟೇನ್-ಪ್ರೊಪೇನ್ ಮಿಶ್ರಣದ ಹೊಸ ಕ್ಯಾನಿಸ್ಟರ್ ಒಯ್ಯಿರಿ. ರಾತ್ರಿ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಉರಿಸುವಾಗ ಅದನ್ನು ಸ್ವಲ್ಪ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ. ಹೆಪ್ಪುಗಟ್ಟದ ನೀರು ಎಷ್ಟೇ ತಣ್ಣಗಿದ್ದರೂ ಹೊರಗಿನ ಮೈನಸ್ 15ಕ್ಕಿಂತ ಬೆಚ್ಚಗೇ ಇರುತ್ತದೆ. ಮೈನಸ್ 20ರಲ್ಲಿ ನಂಬಬಹುದಾದದ್ದು ‘ವೈಟ್ ಗ್ಯಾಸ್’ ಎಂಬ ದ್ರವ ಇಂಧನ ಉರಿಸುವ ಪಂಪ್ ಸ್ಟೌವ್.

ಹಿಮ ಕರಗಿಸಿ ನೀರು ಮಾಡಿಕೊಳ್ಳುವಾಗ ಇಂಧನ ಎಷ್ಟು ಬೇಕು ಎಂದು ಮೊದಲ ಸಲ ಯಾರೂ ಸರಿಯಾಗಿ ಅಂದಾಜು ಮಾಡುವುದಿಲ್ಲ. ಸೊನ್ನೆ ಡಿಗ್ರಿಯ ಹಿಮವನ್ನು ಸೊನ್ನೆ ಡಿಗ್ರಿಯ ನೀರು ಮಾಡಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ಅಂದರೆ ಕುದಿಯುವ ನೀರಿಗೆ ಬೇಸಿಗೆಯಲ್ಲಿ ಬೇಕಾದ ಇಂಧನದ ಎರಡು ಪಟ್ಟು ತೆಗೆದುಕೊಳ್ಳಿ. ಪಾತ್ರೆಗೆ ಬರೀ ಹಿಮ ತುಂಬಿ ಉರಿಗಿಡಬೇಡಿ. ತಳದ ಹಿಮ ಕರಗಿದ ನೀರನ್ನು ಮೇಲಿನ ಹಿಮ ಹೀರಿಕೊಳ್ಳುತ್ತದೆ, ತಳ ಒಣಗಿ ಸೀಯುತ್ತದೆ, ನೀರಿಗೆ ಸೀದ ವಾಸನೆ ಹಿಡಿಯುತ್ತದೆ. ಮೊದಲು ಎರಡು ಬೆರಳಷ್ಟು ನೀರು ಹಾಕಿ, ಅದು ಬಿಸಿಯಾದ ಮೇಲೆ ಹಿಮವನ್ನು ಹಿಡಿ ಹಿಡಿಯಾಗಿ ಸೇರಿಸುತ್ತಾ ಹೋಗಿ. ಹೊಸ ಹಿಮ ಹತ್ತು ಲೀಟರ್ ತುಂಬಿದರೆ ಸಿಗುವುದು ಒಂದು ಲೀಟರ್ ನೀರು. ರಾತ್ರಿ ಮಲಗುವ ಮುಂಚೆ ಪಾತ್ರೆಯಲ್ಲಿ ನೀರು ತುಂಬಿಸಿಡಿ. ಬೆಳಗ್ಗೆ ಗಡ್ಡೆ ಕಟ್ಟಿದ್ದರೂ ಪಾತ್ರೆಯಲ್ಲೇ ಇರುತ್ತದಲ್ಲ, ಸೀದಾ ಒಲೆಗೆ ಇಡಬಹುದು. ಕುಡಿಯುವ ಬಾಟಲಿಗಳನ್ನು ತಲೆಕೆಳಗಾಗಿ ಇಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ಹಾಗೆ ಇಟ್ಟರೆ ಮುಚ್ಚಳದ ಕಡೆ ನೀರಾಗೇ ಉಳಿಯುತ್ತದೆ. ಕೊಳವೆಯಿಂದ ಕುಡಿಯುವ ಚೀಲ ಮನೆಯಲ್ಲೇ ಇರಲಿ. ನೀರು ಸೋಸುವ ಫಿಲ್ಟರ್ ಒಮ್ಮೆ ಬಳಸಿದ ಮೇಲೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳಬಹುದು. ಹೊರಗಿನಿಂದ ಏನೂ ಕಾಣದಿದ್ದರೂ ಅದನ್ನು ಮತ್ತೆ ನಂಬುವಂತಿಲ್ಲ. ಮರುಭೂಮಿಗೆ ನೀರನ್ನು ಕಾರಿನಲ್ಲೇ ತುಂಬಿಕೊಂಡು ಹೋಗಿ. ಐಲ್ಯಾಂಡ್ ಇನ್ ದ ಸ್ಕೈನ ಕ್ಯಾಂಪ್ ಜಾಗದಲ್ಲಿ ನೀರಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಚಳಿ ಎಷ್ಟೇ ಇರಲಿ, ಬಾಗಿಲು ಮುಚ್ಚಿದ ಟೆಂಟ್‌ನೊಳಗೆ ಸ್ಟೌವ್, ಇದ್ದಿಲು, ಗ್ಯಾಸ್ ಹೀಟರ್ ಯಾವುದನ್ನೂ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕಾರಿನೊಳಗೆ ಮಲಗಿ ಎಂಜಿನ್ ಓಡಿಸುವುದೂ ಹಾಗೇ. ಸೈಲೆನ್ಸರ್ ಕೊಳವೆ ಹಿಮದಲ್ಲಿ ಮುಚ್ಚಿಹೋದರೆ ಹೊಗೆ ಒಳಗೇ ಬರುತ್ತದೆ. ಬೆಚ್ಚಗಾಗಬೇಕೆಂದರೆ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸಾಕ್ಸಿನಲ್ಲಿ ಸುತ್ತಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಮಲಗುವ ಮುಂಚೆ ಬೆಣ್ಣೆ, ಚೀಸ್, ಬಾದಾಮಿ ಥರದ ಜಿಡ್ಡಿನ ಪದಾರ್ಥ ತಿನ್ನಿ. ರಾತ್ರಿ ಮೂತ್ರ ಬಂದರೆ ತಡೆಹಿಡಿದು ಒದ್ದಾಡಬೇಡಿ, ಎದ್ದು ಹೋಗಿ ಬನ್ನಿ ಅಥವಾ ಗುರುತು ಹಾಕಿದ ಒಂದು ಬಾಟಲಿ ಇಟ್ಟುಕೊಳ್ಳಿ. ತಡೆದುಕೊಂಡರೆ ನಿದ್ದೆ ಕೆಡುತ್ತದೆ ಅಷ್ಟೇ.

ಹಿಮದಲ್ಲಿ ನಡೆಯುವಾಗ, ಸಲಿಕೆ ಹಿಡಿದು ಅಗೆಯುವಾಗ ಬೆವರಬೇಡಿ. ಕೆಲಸ ಶುರು ಮಾಡುವ ಮೊದಲೇ ಒಂದು ಪದರ ಬಿಚ್ಚಿ. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಬೇಕು. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದೇ ಇಲ್ಲ. ಮೈಗೆ ತಾಗುವುದೆಲ್ಲ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಮಲಗಲು ಅಂತಲೇ ಒಂದು ಜೊತೆ ದಪ್ಪ ಸಾಕ್ಸ್ ಎತ್ತಿಡಿ, ಹಗಲು ಅದನ್ನು ಮುಟ್ಟಬೇಡಿ. ಬಿಸಿಲಿದ್ದರೆ ಕಪ್ಪು ಕನ್ನಡಕ ಬೇಕೇ ಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಬಹುಪಾಲನ್ನು ಕಣ್ಣಿಗೇ ತಿರುಗಿಸುತ್ತದೆ.

ಒಬ್ಬರನ್ನೊಬ್ಬರು ನೋಡಿಕೊಳ್ಳಿ. ನಡುಗುತ್ತಿರುವವರು ಜಿಪ್ ಹಾಕಿಕೊಳ್ಳಲು ತಡಕಾಡಿದರೆ, ಮಾತು ತೊದಲಿದರೆ, ಕಾರಣವಿಲ್ಲದೆ ಸಿಡುಕಿದರೆ, ಎಡವಿದರೆ, ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಎಂದು ತಿಳಿಯಿರಿ. ‘ನಾನು ಚೆನ್ನಾಗಿದ್ದೀನಿ’ ಎಂದು ಅವರು ಹೇಳುವುದನ್ನು ಕೇಳಬೇಡಿ. ಒಣ ಬಟ್ಟೆ, ಬ್ಯಾಗ್, ಬಿಸಿ ಬಾಟಲಿ, ಸಿಹಿಯಾದ ಬಿಸಿ ಪಾನೀಯ ಕೊಟ್ಟು ಕ್ಯಾಂಪ್ ಎತ್ತುವ ತೀರ್ಮಾನ ಮಾಡಿ. ನಡುಕ ನಿಂತು ಮಂಕಾದರೆ ಇನ್ನೂ ಕೆಟ್ಟದ್ದು. ಕುಡಿಸಲು ಹೋಗದೆ ತುರ್ತು ಸಹಾಯಕ್ಕೆ ಕರೆ ಮಾಡಿ. ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಡೆನ್ವರ್ 1,600 ಮೀಟರ್‌ನಲ್ಲಿರುವುದರಿಂದ ನಿಮಗೆ ಎತ್ತರದ ಅಭ್ಯಾಸ ಸ್ವಲ್ಪ ಇದೆ. ಆದರೂ 3,200ರಲ್ಲಿ ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹೋಗಬೇಡಿ, ಜಾಸ್ತಿಯಾದರೆ ಕೆಳಗಿಳಿಯಿರಿ.

ಮರುಭೂಮಿಯಲ್ಲಿ ಕಾಲಿಡುವ ಜಾಗದ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ಪೊದೆಗಳ ನಡುವಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾದ ಒಂದು ಪೊರೆ ಕಾಣುತ್ತದೆ. ಬಗ್ಗಿ ಹತ್ತಿರದಿಂದ ನೋಡಿದರೆ ಪುಟ್ಟ ಪುಟ್ಟ ಗೋಪುರಗಳ ಹಾಗಿರುತ್ತದೆ. ಅದು ಜೀವಂತ ಮಣ್ಣು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಮರಳಿನ ಕಣಗಳನ್ನು ಹಿಡಿದಿಟ್ಟಿವೆ. ಗಾಳಿಗೆ ಮಣ್ಣು ಹಾರದಂತೆ, ಮಳೆನೀರು ಇಂಗುವಂತೆ ನೋಡಿಕೊಳ್ಳುವುದು ಇದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಹಿಮ ತೆಳ್ಳಗೆ ಬಿದ್ದಾಗ ಇದು ಕಾಣುವುದೇ ಇಲ್ಲ, ಹಾಗಾಗಿ ಚಳಿಗಾಲದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಬಂಡೆಯ ಮೇಲೆ, ಈಗಾಗಲೇ ಇರುವ ದಾರಿಯಲ್ಲಿ ಮಾತ್ರ ನಡೆಯಿರಿ. ಮೊದಲೇ ಬಳಸಿದ ಕ್ಯಾಂಪ್ ಜಾಗದಲ್ಲೇ ಟೆಂಟ್ ಹಾಕಿ. ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ಉದ್ಯಾನಗಳಲ್ಲಿ ಸೌದೆ ಆರಿಸುವಂತಿಲ್ಲ, ಬೆಂಕಿ ಬೇಕಿದ್ದರೆ ಕೊಂಡು ತನ್ನಿ. ಹೆಪ್ಪುಗಟ್ಟಿದ ನೆಲದಲ್ಲಿ ಗುಂಡಿ ತೋಡಿ ಮಲ ಮುಚ್ಚಲು ಆಗುವುದಿಲ್ಲ, ಹಿಮದಲ್ಲಿ ಮುಚ್ಚಿದ್ದು ವಸಂತದಲ್ಲಿ ಮೇಲೆ ಬರುತ್ತದೆ. ಅದಕ್ಕೆಂದೇ ಮಾರುವ ಚೀಲಗಳಲ್ಲಿ ವಾಪಸ್ ತನ್ನಿ. ಮೋಆಬ್ ಸುತ್ತಲಿನ ಹಲವು ಕಡೆ ಇದು ನಿಯಮವೇ.

ದಾರಿಯ ಬಗ್ಗೆ ಎರಡು ಮಾತು. ಮೋಆಬ್ ಸುತ್ತಲಿನ ಕೆಲವು ಕಚ್ಚಾ ರಸ್ತೆಗಳು ಬೆಂಟೊನೈಟ್ ಜೇಡಿಮಣ್ಣಿನವು. ಬೆಳಗ್ಗೆ ಹೆಪ್ಪುಗಟ್ಟಿ ಸಿಮೆಂಟಿನಂತೆ ಗಟ್ಟಿಯಾಗಿರುತ್ತವೆ, ಮಧ್ಯಾಹ್ನ ಕರಗಿದಾಗ ನಾಲ್ಕು ಚಕ್ರ ಎಳೆಯುವ ಗಾಡಿಯೂ ಹೂತುಹೋಗುತ್ತದೆ. ಬೆಳಗ್ಗೆ ಸಲೀಸಾಗಿ ಹೋದವರು ಸಂಜೆ ವಾಪಸ್ ಬರಲಾರದೆ ಸಿಕ್ಕಿಕೊಳ್ಳುವುದು ಹೀಗೆ. ಹಿಮವೋ ಮಳೆಯೋ ಬಿದ್ದಿದ್ದರೆ ಟಾರು ರಸ್ತೆಯ ಪಕ್ಕದ ಕ್ಯಾಂಪ್ ಜಾಗವೇ ಸರಿ. ಆರ್ಚಸ್ ಉದ್ಯಾನದ ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗುವಂಥ ಕಾಲುದಾರಿಗಳಲ್ಲಿ ನೆರಳು ಬೀಳುವ ಬಂಡೆಗಳ ಮೇಲೆ ಮಂಜುಗಡ್ಡೆ ದಿನಗಟ್ಟಲೆ ಹಾಗೇ ಉಳಿದಿರುತ್ತದೆ, ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ ಒಯ್ಯಿರಿ. ಐ-70ರಲ್ಲಿ ಐಸೆನ್‌ಹೋವರ್ ಸುರಂಗವೇ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಆ ರಸ್ತೆಯ ಮಾರಿಸನ್-ಡಾಟ್ಸೆರೊ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರ್ ಬಗ್ಗೆ ಕೊಲೊರಾಡೊದ ಕಾನೂನು ಇದೆ. ಹೊರಡುವ ಮೊದಲು ನಿಮ್ಮ ಟೈರ್‌ಗಳು ಅದಕ್ಕೆ ಸರಿಹೋಗುತ್ತವಾ ನೋಡಿಸಿ. ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಎರಡೂ ಕಡೆ ಬಹಳ ಜಾಗಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ.

ಇನ್ನು ದುಡ್ಡಿನ ಪ್ರಶ್ನೆ. ಒಂದೇ ವಸ್ತು ಕೊಳ್ಳುವುದಾದರೆ ಮೂವರಿಗೂ ಒಂದೊಂದು ಮಡಚುವ ಫೋಮ್ ಮ್ಯಾಟ್ ಕೊಳ್ಳಿ. ಬ್ಯಾಗ್, ಟೆಂಟ್‌ಗಳಿಗಿಂತ ಅಗ್ಗದ್ದು ಅದು, ಎರಡೂ ಜಾಗಕ್ಕೆ ಬೇಕಾದದ್ದೂ ಅದೇ. ಅದಕ್ಕೆ ಮೊದಲು ನಿಮ್ಮ ಗಾಳಿ ಮ್ಯಾಟ್‌ನ ಆರ್-ವ್ಯಾಲ್ಯೂ ನೋಡಿ. ಎರಡೂ ಸೇರಿ 5 ಮುಟ್ಟದಿದ್ದರೆ ಹಿಮದ ರಾತ್ರಿಗೆ ಒಬ್ಬೊಬ್ಬರಿಗೆ ಎರಡು ಫೋಮ್ ಬೇಕಾಗುತ್ತದೆ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ (ಸುಮಾರು ಮೈನಸ್ 18 ಸೆಲ್ಸಿಯಸ್) ಅಥವಾ ಅದಕ್ಕಿಂತ ಕೆಳಗಿನ ಸ್ಲೀಪಿಂಗ್ ಬ್ಯಾಗ್, ಹಿಮದ ಸಲಿಕೆ, ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಸ್ನೋಶೂ ಇವೆಲ್ಲ ಡೆನ್ವರ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಮೊದಲ ಸಲ ಕೊಳ್ಳಬೇಡಿ. ಟೆಂಟ್ ಈಗಿನದೇ ಇರಲಿ. ಹೊರಡುವ ವಾರ ಒಂದು ರಾತ್ರಿ ಮನೆಯ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಇದೇ ಸಾಮಾನು ಹಾಕಿಕೊಂಡು ಮಲಗಿ, ಬೆಳಗ್ಗೆ ಕೈಗವಸು ಹಾಕಿಕೊಂಡೇ ಸ್ಟೌವ್ ಹಚ್ಚಿ ನೋಡಿ. ಅಲ್ಲಿ ಏನಾದರೂ ಕೈಕೊಟ್ಟರೆ ಬಾಡಿಗೆ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ.